ಶೇಕಡಾ ಅರವತ್ತು

ನಗರಸಭೆಯ ಯೋಜನಾ ವಿಭಾಗದಲ್ಲಿ ಅವಳು ನಕ್ಷೆ ಬರೆಯುವ ಕೆಲಸಕ್ಕೆ ಸೇರಿ ಹದಿನೇಳು ವರ್ಷವಾಗಿತ್ತು. ಹುದ್ದೆಯ ಹೆಸರು ಮಾತ್ರ ಇನ್ನೂ ಡ್ರಾಫ್ಟ್ಸ್‌ಮನ್ ಎಂದೇ ಇತ್ತು. ಅವಳ ಭಾವನಿಗೆ ಅದೊಂದು ಮುಗಿಯದ ತಮಾಷೆ. "ಸರ್ಕಾರದ ದಾಖಲೆ ಪ್ರಕಾರ ನಮ್ಮನೇಲಿ ಇರೋ ಒಬ್ಬನೇ ಗಂಡಸು ಅಂದ್ರೆ ನಮ್ಮ ನಾದಿನಿ" ಎಂದು ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು. ಹದಿನೇಳು ವರ್ಷಗಳಲ್ಲಿ ಅವಳು ಎಷ್ಟೋ ಚರಂಡಿ, ಉದ್ಯಾನ, ಮಾರುಕಟ್ಟೆಗಳ ನಕ್ಷೆ ಬರೆದಿದ್ದಳು. ಅವುಗಳಲ್ಲಿ ನೆಲದ ಮೇಲೆ ಎದ್ದು ನಿಂತದ್ದು ಒಂದು ಶೌಚಾಲಯ, ಮತ್ತೆ ಅರ್ಧ ಚರಂಡಿ. ಉಳಿದವು ಕಬ್ಬಿಣದ ಕಪಾಟಿನಲ್ಲಿ ಸುರುಳಿ ಸುತ್ತಿಕೊಂಡು ಕೂತಿದ್ದವು.

ಅಕ್ಕನ ಅಂಗಡಿ ನಿಲ್ದಾಣದ ರಸ್ತೆಯಲ್ಲಿತ್ತು. ರೈಲಿನಿಂದ ಇಳಿದು ಹೊರಗೆ ಬಂದರೆ ಎಡಗಡೆಗೆ ಏಳನೆಯದು. ಕೆಳಗೆ ಹೊಲಿಗೆ ಅಂಗಡಿ, ಮೇಲೆ ಒಂದು ಕೋಣೆ, ಒಂದು ಅಡುಗೆಮನೆ. ಗಾರೆ ಕೆಲಸ ಮಾಡುತ್ತಿದ್ದ ಅಪ್ಪ ಊರವರ ಮನೆಗಳನ್ನೆಲ್ಲ ಕಟ್ಟಿ, ಕೆಲಸವಿಲ್ಲದ ದಿನಗಳಲ್ಲಿ ಒಂದೊಂದೇ ಸಾಲು ಏರಿಸಿ ಕಟ್ಟಿದ್ದ ಕಟ್ಟಡ ಅದು. ಅಪ್ಪ, ಅಮ್ಮ ಇಬ್ಬರೂ ಎರಡು ವರ್ಷದ ಅಂತರದಲ್ಲಿ ತೀರಿಕೊಂಡ ಮೇಲೆ ಅಕ್ಕ ಅಲ್ಲಿಯೇ ಹೊಲಿಗೆ ಯಂತ್ರ ಹಾಕಿಕೊಂಡಳು, ತಂಗಿಯನ್ನು ಓದಿಸಿದಳು, ಕೆಲಸಕ್ಕೆ ಸೇರಿಸಿದಳು. ಆಮೇಲೆ ಅಂಗಡಿಯ ಬಟ್ಟೆ ಇಸ್ತ್ರಿ ಮಾಡುತ್ತಿದ್ದವರನ್ನೇ ಮದುವೆಯಾದಳು. ಆಗ ತಂಗಿ ಕಚೇರಿಯ ಹತ್ತಿರ ಬೇರೆ ಕೋಣೆ ಹಿಡಿದಳು. ಮಕ್ಕಳಾಗಲಿಲ್ಲ. ತಂಗಿಗೆ ನಲವತ್ತು ದಾಟಿದರೂ ಅಕ್ಕನ ಬಾಯಲ್ಲಿ ಅವಳು ಪುಟ್ಟಿಯೇ.

ಅಂಗಡಿಯಲ್ಲಿ ಹೊಸ ಬಟ್ಟೆ ಹೊಲಿಯುವುದು ಕಡಿಮೆ. ಪ್ಯಾಂಟಿನ ಕಾಲು ಮಡಚುವುದು, ಜಿಪ್ ಬದಲಾಯಿಸುವುದು, ಬಿಗಿಯಾದದ್ದನ್ನು ಸಡಿಲ ಮಾಡುವುದು, ಸಡಿಲವಾದದ್ದನ್ನು ಬಿಗಿ ಮಾಡುವುದು. 'ಬೆಳಗಿನ ರೈಲಿಗೆ ಕೊಟ್ಟರೆ ಸಂಜೆ ರೈಲಿಗೆ' ಎಂದು ಭಾವ ಬೋರ್ಡು ಬರೆಸಿದ್ದರು. ಸುತ್ತಲಿನ ಸಣ್ಣ ಸಣ್ಣ ಊರುಗಳಿಂದ ಜನ ರೈಲಿನಲ್ಲಿ ಬಂದು ಬಟ್ಟೆ ಕೊಟ್ಟು, ಪಕ್ಕದ ಡಾಕ್ಟರಿಗೆ ಹಲ್ಲು ತೋರಿಸಿಕೊಂಡು, ಎದುರಿಗೆ ಕನ್ನಡಕ ಮಾಡಿಸಿಕೊಂಡು, ಮೂಲೆಯ ಕೀಲಿ ಅಜ್ಜನ ಹತ್ತಿರ ಒಂದು ಬೀಗದ ಕೈ ಮಾಡಿಸಿಕೊಂಡು, ಸಂಜೆ ಬಟ್ಟೆ ತೆಗೆದುಕೊಂಡು ಮರಳುತ್ತಿದ್ದರು. ಜನ ಈ ಊರಿಗೆ ಬರುತ್ತಿದ್ದುದೇ ಆ ಒಂದು ರಸ್ತೆಗಾಗಿ. ಇದನ್ನು ಯಾರೂ ಯಾವ ಕಾಗದದಲ್ಲೂ ಬರೆದಿರಲಿಲ್ಲ. ಅವಳಿಗೂ ಆಗ ಹೊಳೆದಿರಲಿಲ್ಲ.

ರಾಜಧಾನಿಯಿಂದ ಸುತ್ತೋಲೆ ಬಂದಾಗ ಅದನ್ನು ಮೊದಲು ಓದಿದವಳು ಅವಳೇ. ಸಣ್ಣ ಊರುಗಳ ರೈಲು ನಿಲ್ದಾಣದ ಸುತ್ತ ಅರ್ಧ ಕಿಲೋಮೀಟರಿನ ಒಳಗೆ ಹಳೆಯದನ್ನು ತೆಗೆದು ಹೊಸದಾಗಿ ಕಟ್ಟಲು ಸರ್ಕಾರ ಅನುದಾನ ಕೊಡುತ್ತದೆ. ಕೆಳಗೆ ಅಂಗಡಿ, ಮೇಲೆ ಮನೆಗಳು, ಅಗಲವಾದ ಕಾಲುದಾರಿ, ನೆರಳು. ಇದ್ದವರಿಗೆ ಹೊಸ ಕಟ್ಟಡದಲ್ಲಿ ಮೊದಲು ಜಾಗ. ಅರ್ಜಿ ಹಾಕಲು ಒಂದೇ ಷರತ್ತು: ಆ ಜಾಗದ ಕಟ್ಟಡಗಳಲ್ಲಿ ಶೇಕಡಾ ಅರವತ್ತು ಶಿಥಿಲವಾಗಿರಬೇಕು.

ಅವಳು ಯಾರೂ ಹೇಳದೆಯೇ ಕಚೇರಿ ಮುಗಿದ ಮೇಲೆ ಕೂತು ಹೊಸ ರಸ್ತೆಯನ್ನು ಬರೆಯತೊಡಗಿದಳು. ನಿಲ್ದಾಣದಿಂದ ಹೊರಬಂದವರು ಬಿಸಿಲಿಗೆ ತಲೆಯೊಡ್ಡದೆ ಕೊನೆಯ ಅಂಗಡಿಯವರೆಗೆ ನಡೆಯಬಹುದಾದ ಚಾವಣಿ. ಮುದುಕರಿಗೆ ಕೂರಲು ಅಲ್ಲಲ್ಲಿ ಬೆಂಚು. ಅಕ್ಕನ ಅಂಗಡಿಗೆ ಎರಡು ಕಿಟಕಿ, ಏಕೆಂದರೆ ಅಕ್ಕ ಮಧ್ಯಾಹ್ನ ಮೂರರ ಮೇಲೆ ಸೂಜಿಗೆ ದಾರ ಪೋಣಿಸಲು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಇದೊಂದಾದರೂ ಕಪಾಟು ಸೇರಬಾರದು ಎಂದು ಅವಳಿಗೆ ಅನಿಸಿತ್ತು. ಅದರಲ್ಲಿ ಮೋಸವೇನೂ ಇರಲಿಲ್ಲ.

ಆಮೇಲೆ ಕಟ್ಟಡಗಳ ಸಮೀಕ್ಷೆ. ರಸ್ತೆಯಲ್ಲಿ ಒಟ್ಟು ಐವತ್ತು ಕಟ್ಟಡ. ಗಟ್ಟಿ ಇದ್ದದ್ದಕ್ಕೆ ಹಸಿರು, ರಿಪೇರಿ ಬೇಕಾದದ್ದಕ್ಕೆ ಹಳದಿ, ಶಿಥಿಲಕ್ಕೆ ಕೆಂಪು. ಅವಳು ಒಂದೊಂದು ಗೋಡೆಯನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ಮೇಲೆ ಹತ್ತಿ ಚಾವಣಿ ನೋಡಿ, ನಾಲ್ಕು ದಿನ ತಿರುಗಿ ಬಣ್ಣ ಹಾಕಿದಳು. ಕೆಂಪು ಇಪ್ಪತ್ತೆಂಟಾಯಿತು. ಬೇಕಾಗಿದ್ದುದು ಮೂವತ್ತು.

ಇಂಜಿನಿಯರ್ ಸಾಹೇಬರು ಕನ್ನಡಕವನ್ನು ಹಣೆಗೇರಿಸಿ ನಕ್ಷೆಯನ್ನು ನೋಡಿದರು. ಒಳ್ಳೆಯ ಮನುಷ್ಯ, ನಿವೃತ್ತಿಗೆ ಮೂರು ವರ್ಷವಿತ್ತು.

"ಎರಡಕ್ಕೋಸ್ಕರ ಇಷ್ಟು ದೊಡ್ಡ ಯೋಜನೆ ಕೈಬಿಡೋಕಾಗುತ್ತಾ? ಇನ್ನೊಂದ್ಸಲ ನೋಡ್ಕೊಂಡು ಬನ್ನಿ" ಎಂದರು.

"ನೋಡಿದೀನಿ ಸಾರ್. ಉಳಿದಿರೋದೆಲ್ಲ ಗಟ್ಟಿ ಇದೆ."

"ಶಿಥಿಲ ಅನ್ನೋದಕ್ಕೆ ಅಳತೆ ಎಲ್ಲಿದೆ? ನೋಡೋರ ಕಣ್ಣಲ್ಲಿರೋದು. ಯಾರು ಜಗಳಕ್ಕೆ ಬರಲ್ವೋ ಅಂಥವರದ್ದು ಎರಡು ನೋಡಿ." ಕನ್ನಡಕವನ್ನು ಕೆಳಗಿಳಿಸಿ, "ನಿಮ್ಮ ಅಕ್ಕಂದೂ ಅಲ್ಲೇ ಅಲ್ವಾ? ಹೊಸದು ಸಿಗೋದು ಅವರಿಗೇ ತಾನೆ. ಯಾರಿಗೂ ಅನ್ಯಾಯ ಆಗಲ್ಲ" ಎಂದರು.

ಅವರು ಒತ್ತಾಯ ಮಾಡಲಿಲ್ಲ. ಎರಡು ದಿನ ಆ ಮಾತೇ ಎತ್ತಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅವಳು ತಾನಾಗಿಯೇ ಏಳನೆಯ ಕಟ್ಟಡಕ್ಕೆ ಕೆಂಪು ತುಂಬಿದಳು. ಇನ್ನೊಂದಕ್ಕೆ ಕೀಲಿ ಅಜ್ಜನ ಅಂಗಡಿಯನ್ನು ಆರಿಸಿಕೊಂಡಳು. ಅಜ್ಜ ಒಂಟಿ ಜೀವ, ಕಿವಿ ಸ್ವಲ್ಪ ಮಂದ, ಯಾರ ತಂಟೆಗೂ ಹೋದವನಲ್ಲ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಕೆಲಸವೂ ಅವಳದ್ದೇ ಆಯಿತು. ಒಂದು ಭಾನುವಾರ ರಸ್ತೆಯವರೆಲ್ಲ ಅಕ್ಕನ ಅಂಗಡಿಯಲ್ಲಿ ಸೇರಿದರು. ಕತ್ತರಿಸುವ ಮೇಜಿನ ಮೇಲೆ ನಕ್ಷೆ ಹಾಸಿ, ಸುರುಳಿಯಾಗದಂತೆ ನಾಲ್ಕು ಮೂಲೆಗೂ ಎರಡು ದಾರದ ಉಂಡೆ, ಕತ್ತರಿ, ಇಸ್ತ್ರಿಪೆಟ್ಟಿಗೆ ಇಟ್ಟಿದ್ದರು. ಅವಳು ಚಾವಣಿ, ಬೆಂಚುಗಳನ್ನೆಲ್ಲ ತೋರಿಸಿದಳು. ಹದಿನೆಂಟು ತಿಂಗಳು ಬಸ್ ಡಿಪೋ ಹಿಂದೆ ತಗಡಿನ ಶೆಡ್ಡುಗಳಲ್ಲಿ ಇರಬೇಕು, ಆಮೇಲೆ ಎಲ್ಲರೂ ವಾಪಸ್ಸು ಎಂದಳು. ಜಾಗ ಅಲ್ಲಿಯವರೆಗೆ ನಗರಸಭೆಯ ಹೆಸರಿಗೆ ಹೋಗುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ.

ಜನ ಒಬ್ಬರ ಮುಖ ಒಬ್ಬರು ನೋಡಿದರು. ಅಕ್ಕ ನಕ್ಷೆಯ ಮೇಲೆ ಬಾಗಿದ್ದಳು.

"ನಮ್ಮದು ಯಾಕೆ ಪುಟ್ಟಿ ಕೆಂಪು?"

"ಕೆಂಪು ಅಂದ್ರೆ ಮೊದಲು ಹೊಸದು ಸಿಗೋರು ಅಕ್ಕ."

ಅದು ಪೂರ್ತಿ ಸುಳ್ಳಲ್ಲ. ಅಕ್ಕ ತಲೆಯಾಡಿಸಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವನ್ನು ಬೆರಳಿನಿಂದ ಒರೆಸಿಕೊಂಡು ಪೆನ್ನು ಕೇಳಿದಳು. "ನನ್ನ ತಂಗಿ ಬರೆದಿದ್ದು. ನಂಗೆ ಇದಕ್ಕಿಂತ ದೊಡ್ಡ ಗ್ಯಾರಂಟಿ ಬೇಕಾಗಿಲ್ಲ" ಎಂದು ಮೊದಲ ಸಹಿ ಹಾಕಿದಳು. ಟೈಲರಮ್ಮನೇ ಹಾಕಿದ ಮೇಲೆ ನಮ್ಮದೇನು ಎಂದು ಕೀಲಿ ಅಜ್ಜ ಹಾಕಿದ. ಹಲ್ಲಿನ ಡಾಕ್ಟರು ಹಾಕಿದರು. ಒಂದು ಗಂಟೆಯೊಳಗೆ ಐವತ್ತೂ ಆಯಿತು. ಅನುದಾನ ಮಂಜೂರಾದ ಸುದ್ದಿ ಬಂದ ದಿನ ಇಂಜಿನಿಯರ್ ಸಾಹೇಬರು ಅವಳನ್ನು ಕುರ್ಚಿಯಿಂದ ಎಬ್ಬಿಸಿ ಕೈಕುಲುಕಿದರು. ಪತ್ರಿಕೆಯಲ್ಲಿ ಅವಳ ನಕ್ಷೆಯೇ ಅಚ್ಚಾಯಿತು, ಹೆಸರಿಲ್ಲದೆ.

ಒಡೆಯುವ ಯಂತ್ರ ನಿಲ್ದಾಣದ ಕಡೆಯಿಂದ ಶುರುಮಾಡಿತು. ಮೊದಲ ಆರು ಕಟ್ಟಡ ಒಂದು ದಿನಕ್ಕೆ ಮಲಗಿದವು. ಏಳನೆಯದರ ಮುಂದೆ ಯಂತ್ರ ಎರಡು ದಿನ ನಿಂತಿತು. ಅಕ್ಕ, ಭಾವ ಇಬ್ಬರೂ ಎದುರಿನ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಅವಳು ಕಚೇರಿಯಿಂದ ಬಿಡುವು ಮಾಡಿಕೊಂಡು ಬಂದಿದ್ದಳು. ಯಂತ್ರದವನು ಇಳಿದು ಬಂದು, ಯಂತ್ರದ ಕೈಯ ತುದಿಯ ಬಕೆಟ್ಟಿನ ಮುರಿದ ಹಲ್ಲು ತೋರಿಸಿದ.

"ಇದನ್ನ ಶಿಥಿಲ ಅಂತ ಬರೆದ ಪುಣ್ಯಾತ್ಮ ಯಾರು ಅಂತ ಒಂದ್ಸಲ ನೋಡ್ಬೇಕು ನಾನು. ನನ್ನ ಹೊಟ್ಟೆಪಾಡು ಇದು, ಇಂಥ ಗೋಡೆ ನೋಡಿ ಹತ್ತು ವರ್ಷ ಆಯ್ತು."

"ನಮ್ಮ ಮಾವ ಕಟ್ಟಿದ್ದು" ಎಂದರು ಭಾವ. "ಅವರು ಯಾರ ಮಾತೂ ಕೇಳ್ತಿರ್ಲಿಲ್ಲ. ಗೋಡೇನೂ ಹಾಗೇ."

ಅಕ್ಕ ನಕ್ಕಳು. ಅವಳಿಗೆ ಅದರಲ್ಲೊಂದು ಹೆಮ್ಮೆಯಿತ್ತು. ತಂಗಿ ಕಣ್ಣಿಗೆ ದೂಳು ಬಿತ್ತೆಂದು ಆ ಕಡೆ ತಿರುಗಿಕೊಂಡಳು.

ಡಿಪೋ ಹಿಂದಿನ ಶೆಡ್ಡುಗಳು ನಿಲ್ದಾಣದಿಂದ ಹದಿನೈದು ನಿಮಿಷದ ನಡಿಗೆ. ಮೊದಲ ತಿಂಗಳು ಹಳೆಯ ಗಿರಾಕಿಗಳು ಹುಡುಕಿಕೊಂಡು ಬಂದರು. ಎರಡನೆಯ ತಿಂಗಳು ಅವರಲ್ಲಿ ಅರ್ಧ ಜನ. ಬೆಳಗಿನ ರೈಲಿನಿಂದ ಇಳಿದವರಿಗೆ ಹೋಗಿ ಬರುವುದರಲ್ಲೇ ಅರ್ಧ ಗಂಟೆ ಹೋಗುತ್ತಿತ್ತು. ಹಲ್ಲಿನ ಡಾಕ್ಟರು ಬೇರೆ ಊರಿಗೆ ಹೋದರು. ಕನ್ನಡಕದವನು ಅವರ ಹಿಂದೆಯೇ ಹೋದ. ಹಲ್ಲಿಗೆ, ಕಣ್ಣಿಗೆ ಬರುವವರು ನಿಂತ ಮೇಲೆ ಹೊಲಿಗೆಗೆಂದೇ ಯಾರು ರೈಲು ಹತ್ತುತ್ತಾರೆ? ತಗಡಿನ ಕೆಳಗೆ ಮಧ್ಯಾಹ್ನದ ಹೊತ್ತು ಹೊಲಿಗೆ ಯಂತ್ರದ ಚಕ್ರ ಮುಟ್ಟಿದರೆ ಕೈ ಸುಡುತ್ತಿತ್ತು. ಭಾವ ಇಸ್ತ್ರಿಪೆಟ್ಟಿಗೆ ತೋರಿಸಿ, "ಇದನ್ನ ಇನ್ನು ಕಾಯಿಸೋದೇ ಬೇಡ, ಹೊರಗಿಟ್ರೆ ಸಾಕು" ಎನ್ನುತ್ತಿದ್ದರು. ಆ ಮಾತಿಗೆ ಮೊದಮೊದಲು ಜನ ನಗುತ್ತಿದ್ದರು. ಆಮೇಲೆ ನಗಲು ಪಕ್ಕದ ಶೆಡ್ಡುಗಳಲ್ಲಿ ಜನ ಉಳಿಯಲಿಲ್ಲ.

ಕೀಲಿ ಅಜ್ಜ ದಿನಾ ಬಂದು ಬಾಗಿಲು ತೆರೆದು, ಸಂಜೆ ಮುಚ್ಚಿಕೊಂಡು ಹೋಗುತ್ತಿದ್ದ. ಒಂದು ದಿನ ಅವಳು ಶೆಡ್ಡಿಗೆ ಬಂದಾಗ ಅವಳನ್ನು ಹತ್ತಿರ ಕರೆದು, "ನಮ್ಮದು ಯಾವ ತಿಂಗಳಿಗೆ ಆಗುತ್ತೆ ತಾಯಿ?" ಎಂದು ಕೇಳಿದ. ಅವಳು ಹೇಳಿದಳು. ಅವನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು. ಅವನು ಸಮಾಧಾನವಾಗಿ ತಲೆಯಾಡಿಸಿದ. ಅದೇ ವರ್ಷ ಚಳಿಗಾಲದಲ್ಲಿ ಅವನು ತೀರಿಕೊಂಡ. ಎಂಬತ್ತರ ಮೇಲಾಗಿತ್ತು, ಯಾರೂ ಯಾರನ್ನೂ ದೂರಲಿಲ್ಲ. ಗೋಡೆಗೆ ತೂಗುಹಾಕಿದ್ದ ಗೊಂಚಲುಗಟ್ಟಲೆ ಹಿತ್ತಾಳೆ ಕೀಲಿಗಳನ್ನು ಏನು ಮಾಡುವುದೆಂದು ತಿಳಿಯದೆ ಅಕ್ಕ ಒಂದು ಚೀಲಕ್ಕೆ ತುಂಬಿ ತನ್ನ ಶೆಡ್ಡಿನ ಮೂಲೆಯಲ್ಲಿಟ್ಟಳು.

ರಸ್ತೆಯೆಲ್ಲ ನೆಲಸಮವಾಗಿ, ಸುತ್ತ ನೀಲಿ ತಗಡಿನ ಬೇಲಿ ಬಂದಿತ್ತು. ಕಟ್ಟುವ ಕೆಲಸಕ್ಕೆ ಎರಡನೆಯ ಕಂತು ಬಿಡುಗಡೆಯಾಗುವ ಮೊದಲು ರಾಜಧಾನಿಯಿಂದ ಮೂರು ಜನ ಬಂದು ನಿಲ್ದಾಣದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಕೈಯಲ್ಲಿ ಟಕ್ ಟಕ್ ಎನ್ನುವ ಎಣಿಕೆ ಯಂತ್ರ. ಒಂದು ವಾರ ಇಳಿಯುವವರನ್ನೂ ಹತ್ತುವವರನ್ನೂ ಎಣಿಸಿದರು. ಮೊದಲ ದಿನ ಅವಳು ಅವರಿಗೆ ನೀರಿನ ಬಾಟಲಿ ತೆಗೆದುಕೊಂಡು ಹೋಗಿದ್ದಳು. ಬೆಳಗಿನ ರೈಲು ಬಂದು ನಿಂತಿತು. ಬಾಗಿಲಿನಿಂದ ಹೊರಬಂದವರು ಹತ್ತಿಪ್ಪತ್ತು ಜನ. ಅವರು ನೀಲಿ ಬೇಲಿಯನ್ನು ನೋಡಿ, ಅದರ ಪಕ್ಕದಲ್ಲೇ ನಡೆದು ಹೋದರು. ಟಕ್ ಟಕ್ ಎನ್ನುವ ಸದ್ದು ಬೇಗ ನಿಂತುಹೋಯಿತು. ಜನ ಇಲ್ಲಿ ಇಳಿಯುತ್ತಿದ್ದುದೇ ಆ ರಸ್ತೆಗಾಗಿ ಎಂಬುದು ಅಲ್ಲಿ ನಿಂತಾಗ ಅವಳಿಗೆ ಅರ್ಥವಾಯಿತು. ಬಾಟಲಿ ಕೊಟ್ಟು ಕಚೇರಿಗೆ ಹೋದಳು.

ಎರಡು ತಿಂಗಳ ಮೇಲೆ ಪತ್ರ ಬಂತು. ಪ್ರಯಾಣಿಕರ ಸಂಖ್ಯೆ ನಿಗದಿತ ಮಟ್ಟಕ್ಕಿಂತ ಕಡಿಮೆ ಇರುವುದರಿಂದ ಎರಡನೆಯ ಹಂತವನ್ನು ಪರಿಗಣಿಸಲಾಗುವುದಿಲ್ಲ. ಇಂಜಿನಿಯರ್ ಸಾಹೇಬರಿಗೆ ಅಷ್ಟರಲ್ಲಿ ವರ್ಗವಾಗಿತ್ತು. ಅವರ ಜಾಗಕ್ಕೆ ಬಂದ ಹೊಸಬರು ಪತ್ರವನ್ನು ಓದಿ, ಕಡತಕ್ಕೆ ಸೇರಿಸಿ ಎಂದರು.

ಅಕ್ಕನಿಗೆ ಅವಳು ಪತ್ರವನ್ನು ಓದಿ ಹೇಳಿದಳು. ಅಕ್ಕ ಒಂದು ಅಂಗಿಯ ಕಾಲರು ಬಿಚ್ಚುತ್ತಿದ್ದಳು. ಬಿಚ್ಚಿ ಮುಗಿಸಿ ಕೇಳಿದಳು.

"ಬರೆದವರು ಎಲ್ಲಿ ಕೂತಿರ್ತಾರೆ?"

"ರಾಜಧಾನೀಲಿ."

"ಹಾಗಾದ್ರೆ ಹೋಗಿ ಕೇಳೋಣ. ಅವರೂ ಮನುಷ್ಯರೇ ಅಲ್ವಾ?"

ರೈಲಿನಲ್ಲಿ ಎರಡೂವರೆ ಗಂಟೆಯ ಪ್ರಯಾಣ. ಅಕ್ಕ ಒಳ್ಳೆಯ ಸೀರೆ ಉಟ್ಟು, ಕೈಚೀಲದಲ್ಲಿ ಹಳೆಯ ರಸ್ತೆಯ ಮೂರು ಫೋಟೋ ಇಟ್ಟುಕೊಂಡು ಬಂದಿದ್ದಳು. ಆ ಕಚೇರಿಯ ನಾಲ್ಕನೆಯ ಮಹಡಿಯ ಉದ್ದನೆಯ ಕಾರಿಡಾರಿನಲ್ಲಿ ಬೆಂಚಿನ ಮೇಲೆ ಬೆಳಿಗ್ಗೆ ಹತ್ತರಿಂದ ಕೂತರು. ಅಧಿಕಾರಿ ಮೀಟಿಂಗಿನಲ್ಲಿದ್ದಾರೆ, ಊಟಕ್ಕೆ ಹೋಗಿದ್ದಾರೆ, ಮತ್ತೆ ಮೀಟಿಂಗಿನಲ್ಲಿದ್ದಾರೆ. ಬಾಗಿಲಲ್ಲಿ ನಿಂತಿದ್ದ ಜವಾನ ಒಂದೊಂದು ಸಲವೂ ಅದನ್ನೇ ಹೇಳುತ್ತಿದ್ದ. ಮೂರು ಗಂಟೆಯ ಹೊತ್ತಿಗೆ ಅಕ್ಕ ಎದ್ದು ಅವನ ಹತ್ತಿರ ಹೋದಳು.

"ನಿಮ್ಮ ಕೋಟಿನ ಗುಂಡಿ ಈಗ ಬೀಳ್ಲಾ ಆಮೇಲೆ ಬೀಳ್ಲಾ ಅಂತಿದೆ. ಬೆಳಗ್ಗಿಂದ ನೋಡ್ತಿದೀನಿ, ತಡೆಯೋಕಾಗ್ತಿಲ್ಲ. ಬಿಚ್ಚಿ ಕೊಡಿ ಇಲ್ಲಿ."

ಜವಾನ ನಾಚಿಕೊಂಡು ಕೋಟು ಬಿಚ್ಚಿಕೊಟ್ಟ. ಅಕ್ಕನ ಕೈಚೀಲದಲ್ಲಿ ಸೂಜಿ ದಾರ ಇದ್ದೇ ಇರುತ್ತಿತ್ತು. ಅವಳು ಒಂದು ಗುಂಡಿಯ ಜೊತೆಗೆ ಉಳಿದ ಮೂರನ್ನೂ ಗಟ್ಟಿ ಮಾಡಿ, ದಾರವನ್ನು ಹಲ್ಲಿನಿಂದ ಕಡಿದು ಕೊಟ್ಟಳು. ಅವನು ಕೋಟು ತೊಟ್ಟು, ಎಲ್ಲ ಗುಂಡಿ ಹಾಕಿಕೊಂಡು ಒಳಗೆ ಹೋದ. ಹೊರಗೆ ಬಂದು ಬಾಗಿಲು ತೆರೆದು ಹಿಡಿದ. "ಐದು ನಿಮಿಷ ಅಮ್ಮ" ಎಂದ.

ಅಧಿಕಾರಿ ಒಬ್ಬ ಹೆಂಗಸು, ತಂಗಿಯ ವಯಸ್ಸಿನವರೇ. ಎದ್ದು ನಿಂತು ಇಬ್ಬರನ್ನೂ ಕೂರಿಸಿದರು. ಫೋಟೋಗಳನ್ನು ಒಂದೊಂದಾಗಿ ನೋಡಿದರು.

"ಚೆನ್ನಾಗಿತ್ತು ರಸ್ತೆ" ಎಂದರು. "ಮೊದಲ ಹಂತ ಸಮಯಕ್ಕೆ ಸರಿಯಾಗಿ ಮಾಡಿದೀರಿ. ನಮ್ಮ ಪಟ್ಟೀಲಿ ಹಾಗೆ ಮಾಡಿದ ಊರು ಎರಡೇ."

"ಮೊದಲ ಹಂತ ಅಂದ್ರೆ ಒಡೆಯೋದು ಮೇಡಂ" ಎಂದಳು ಅಕ್ಕ.

"ಹೌದು. ತೆರವು." ಅವರು ಕಂಪ್ಯೂಟರಿನ ಪರದೆಯನ್ನು ಈ ಕಡೆ ತಿರುಗಿಸಿದರು. "ದಿನಕ್ಕೆ ಎರಡು ಸಾವಿರ ಪ್ರಯಾಣಿಕರಿರ್ಬೇಕು. ನಿಮ್ಮದು ಏಳುನೂರು ಚಿಲ್ಲರೆ."

"ಅಂಗಡಿ ಒಡೆದಿದ್ದಕ್ಕೇ ಕಡಿಮೆ ಆಗಿದ್ದು. ಅವರೆಲ್ಲ ರೈಲಲ್ಲಿ ಬರ್ತಿದ್ದದ್ದೇ ನಮ್ಮ ಹತ್ರ."

"ಅರ್ಥ ಆಗುತ್ತೆ ಅಮ್ಮ. ನಾನು ಅದನ್ನೇ ಬರೀಬೇಕು ಅಂದ್ರೂ ನಮೂನೇಲಿ ಕಾರಣಕ್ಕೆ ಜಾಗ ಇಲ್ಲ. ಸಂಖ್ಯೆಗೆ ಮಾತ್ರ ಇದೆ."

ತಂಗಿ ಆಗ ಬಾಯಿ ತೆರೆದಳು. ಹೊಸದಾಗಿ ಇನ್ನೊಂದು ಅರ್ಜಿ ಹಾಕಬಹುದೇ ಎಂದು ಕೇಳಿದಳು.

"ಅದಕ್ಕೆ ಶಿಥಿಲ ಕಟ್ಟಡ ಇರ್ಬೇಕಲ್ಲ. ಅಲ್ಲೀಗ ಕಟ್ಟಡವೇ ಇಲ್ಲ. ಖಾಲಿ ಜಾಗ ನಮ್ಮ ಇಲಾಖೆಗೆ ಬರಲ್ಲ."

"ಹಾಗಾದ್ರೆ ಜಾಗಾನಾದ್ರೂ ವಾಪಸ್ ಕೊಡಿ" ಎಂದಳು ಅಕ್ಕ. "ತಗಡೋ ಗಿಗಡೋ ಹಾಕ್ಕೊಂಡು ಅಲ್ಲೇ ಕೂತ್ಕೋತೀವಿ."

ಅಧಿಕಾರಿ ಪರದೆಯನ್ನು ಮತ್ತೆ ತಮ್ಮ ಕಡೆ ತಿರುಗಿಸಿಕೊಂಡರು. "ಯೋಜನೆ ಭಾಗಶಃ ಪೂರ್ಣ ಅಂತಿದೆ. ಮುಚ್ಚಿದೆ ಅಂತ ಆದ್ರೆ ವಾಪಸ್ ಕೊಡಬಹುದು. ಭಾಗಶಃ ಪೂರ್ಣ ಆಗಿರೋದನ್ನ ಮುಚ್ಚೋಕೆ ಮೊದಲನೇ ಕಂತು ಸರ್ಕಾರಕ್ಕೆ ತಿರುಗಿಸಬೇಕು. ಅದು ಖರ್ಚಾಗಿದೆ." ತಗ್ಗಿದ ದನಿಯಲ್ಲಿ, "ನಂಗೆ ಬೇರೆ ಏನಾದ್ರೂ ಹೇಳೋಕಿದ್ದಿದ್ರೆ ಹೇಳ್ತಿದ್ದೆ" ಎಂದರು. ಅದು ನಿಜವೆಂದು ಇಬ್ಬರಿಗೂ ಗೊತ್ತಾಯಿತು. ಜಗಳಾಡಲು ಅಲ್ಲಿ ಯಾರೂ ಇರಲಿಲ್ಲ.

ವಾಪಸ್ಸು ಬರುವ ರೈಲಿನಲ್ಲಿ ಕಿಟಕಿಯ ಪಕ್ಕ ಎದುರುಬದುರು ಸಿಕ್ಕಿತು. ಅಕ್ಕ ಚಪ್ಪಲಿ ಬಿಟ್ಟು ಕಾಲು ಮೇಲೆ ಮಡಚಿಕೊಂಡಳು. ಮೂರು ನಿಲ್ದಾಣ ಕಳೆದ ಮೇಲೆ ಹೇಳಿದಳು.

"ಆ ಹೆಂಗಸು ಶಿಥಿಲ ಅಂದಾಗ ನಂಗೆ ಅಪ್ಪ ಜ್ಞಾಪಕಕ್ಕೆ ಬಂದ್ರು. ನಮ್ಮದು ಆ ಪಟ್ಟೀಲಿ ಹೆಂಗೆ ಸೇರ್ತು ಅಂತ ನಂಗೆ ಇವತ್ತಿಗೂ ಗೊತ್ತಾಗಿಲ್ಲ. ಯಾವನು ಬಂದು ನೋಡಿದ್ದು?"

ತಂಗಿಗೆ ಎಷ್ಟೋ ಉತ್ತರಗಳಿದ್ದವು. ಮೇಲಿನವರು ಹೇಳಿದ್ದು ಎನ್ನಬಹುದಿತ್ತು. ಅದೂ ಪೂರ್ತಿ ಸುಳ್ಳಾಗುತ್ತಿರಲಿಲ್ಲ.

"ನಾನೇ ಅಕ್ಕ. ಮೂವತ್ತು ಬೇಕಾಗಿತ್ತು, ಇಪ್ಪತ್ತೆಂಟಿತ್ತು. ಎರಡು ಕಡಿಮೆ ಬಿದ್ದಿತ್ತು."

ಅಕ್ಕ ಅವಳನ್ನೇ ನೋಡುತ್ತಿದ್ದಳು. "ಇನ್ನೊಂದು ಯಾರದ್ದು?"

"ಕೀಲಿ ಅಜ್ಜಂದು."

"ಮೂವತ್ತು ಆಗದೇ ಇದ್ದಿದ್ರೆ?"

"ಅರ್ಜಿ ಹಾಕೋಕೆ ಬರ್ತಿರ್ಲಿಲ್ಲ."

"ಅಂದ್ರೆ ನಮ್ಮದನ್ನ ಹಸಿರು ಅಂತ ಬಿಟ್ಟಿದ್ರೆ ರಸ್ತೆಗೆ ರಸ್ತೇನೇ ಇರ್ತಿತ್ತು."

"ಹೂಂ."

ಟಿಕೆಟ್ ನೋಡುವವನು ಬಂದ. ಅಕ್ಕ ಇಬ್ಬರ ಟಿಕೆಟನ್ನೂ ತೋರಿಸಿ, ಮತ್ತೆ ಚೀಲಕ್ಕೆ ಹಾಕಿಕೊಂಡಳು. ಅವನು ಹೋದ ಮೇಲೆ ಬಹಳ ಸಾವಕಾಶವಾಗಿ, ಯಾರಿಗೋ ಲೆಕ್ಕ ಒಪ್ಪಿಸುವವಳಂತೆ ಹೇಳಿದಳು: "ಅವರೆಲ್ಲ ನನ್ನ ಸೈನ್ ನೋಡಿ ಸೈನ್ ಹಾಕಿದ್ರು. ಅಜ್ಜ ಪೆನ್ನು ಹಿಡಿಯೋವಾಗ ನನ್ನ ಮುಖ ನೋಡಿದ."

"ಒಳ್ಳೇದಾಗುತ್ತೆ ಅಂತಾನೇ ಮಾಡಿದ್ದು ಅಕ್ಕ."

ತಂಗಿ ಅವಳ ಮೊಣಕಾಲಿನ ಮೇಲೆ ಕೈಯಿಟ್ಟಳು. ಅಕ್ಕ ಆ ಕೈಯನ್ನು ತಳ್ಳಲಿಲ್ಲ. ಅದು ಅಲ್ಲಿರುವುದೇ ಅವಳಿಗೆ ಗೊತ್ತಿಲ್ಲವೇನೋ ಎಂಬಂತೆ ಕಿಟಕಿಯ ಹೊರಗೆ ನೋಡುತ್ತಿದ್ದಳು. ನಿಲ್ದಾಣದಲ್ಲಿ ಭಾವ ಕಾಯುತ್ತಿದ್ದರು. ಇಬ್ಬರ ಮುಖ ನೋಡಿ ಅವರು ಅಕ್ಕನ ಕೈಚೀಲ ತೆಗೆದುಕೊಂಡು ಮುಂದೆ ನಡೆದರು.

ಮರುದಿನ ಅವಳು ಕಚೇರಿಯಲ್ಲಿ ಕೂತು ಒಂದು ಪುಟದ ಟಿಪ್ಪಣಿ ಬರೆದಳು. ಏಳು ಮತ್ತು ಇಪ್ಪತ್ತಮೂರನೆಯ ಕಟ್ಟಡಗಳು ಶಿಥಿಲವಾಗಿರಲಿಲ್ಲ, ತಿಳಿದೂ ನಾನು ತಪ್ಪಾಗಿ ನಮೂದಿಸಿದ್ದೇನೆ, ಆದ್ದರಿಂದ ಅರ್ಜಿಯೇ ಅಸಿಂಧು. ಅರ್ಜಿಯೇ ಬಿದ್ದುಹೋದರೆ ಜಾಗ ಹಿಂದಕ್ಕೆ ಬರಬಹುದು ಎಂಬುದು ಅವಳ ಲೆಕ್ಕ. ಹೊಸ ಇಂಜಿನಿಯರು ಅದನ್ನು ಎರಡು ಸಲ ಓದಿದರು.

"ಇದನ್ನ ಕೊಟ್ರೆ ನಿಮ್ಮ ಕೆಲಸ ಹೋಗಬಹುದು. ಜಾಗ ಮಾತ್ರ ಬರಲ್ಲ" ಎಂದರು.

"ಪರವಾಗಿಲ್ಲ ಸಾರ್. ತಗೊಳ್ಳಿ."

ಅವರು ತೆಗೆದುಕೊಂಡು, ಸ್ವೀಕರಿಸಿದ ಮುದ್ರೆ ಒತ್ತಿ ರಾಜಧಾನಿಗೆ ಕಳಿಸಿದರು. ಅವಳು ದಿನಾ ಟಪಾಲು ನೋಡಿದಳು. ನೋಟಿಸು ಬರಲಿಲ್ಲ, ವಿಚಾರಣೆ ಬರಲಿಲ್ಲ, ಉತ್ತರ ಬರಲಿಲ್ಲ. ಏಳು ತಿಂಗಳ ಮೇಲೆ ವಿಚಾರಿಸಿದಾಗ, ಆ ಯೋಜನೆಯ ಹೆಸರು ಬದಲಾಗಿ ಕಡತಗಳೆಲ್ಲ ಬೇರೆ ಇಲಾಖೆಗೆ ಹೋಗಿವೆ ಎಂದು ಫೋನಿನಲ್ಲಿ ಯಾರೋ ಹೇಳಿದರು. ಅವಳ ಸಂಬಳ ಪ್ರತಿ ತಿಂಗಳೂ ತಪ್ಪದೆ ಬರುತ್ತಲೇ ಇತ್ತು. ಅದೇ ವರ್ಷ ಹಿರಿತನದ ಮೇಲೆ ಒಂದು ಬಡ್ತಿಯೂ ಬಂತು.

ಅಕ್ಕ ಶೆಡ್ಡು ಬಿಟ್ಟು ಒಂದು ಬಾಡಿಗೆ ಮನೆ ಹಿಡಿದಳು. ಎರಡು ಯಂತ್ರಗಳಲ್ಲಿ ಒಂದನ್ನು ಮಾರಿ, ನಾಲ್ಕು ನಿಲ್ದಾಣ ಆಚೆಯ ಸಮವಸ್ತ್ರದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದೇ ಕೆಲಸ, ಅವಳಿಗೆ ಎಡಗಡೆಯ ಜೇಬು. ದಿನವಿಡೀ ಎಡಗಡೆಯ ಜೇಬು. ಬೆಳಗಿನ ರೈಲಿಗೆ ಹೋಗಿ ಸಂಜೆ ರೈಲಿಗೆ ಬರುತ್ತಿದ್ದಳು. ಭಾವ ಮನೆಯಲ್ಲೇ ಇರುತ್ತಿದ್ದರು. ದಿನದಲ್ಲಿ ಎರಡು ಹೊತ್ತು ನಿಲ್ದಾಣಕ್ಕೆ ನಡೆದು ಹೋಗಿ, ಹೆಂಡತಿಯನ್ನು ಹತ್ತಿಸುವುದು, ಇಳಿಸಿಕೊಳ್ಳುವುದು, ಇಷ್ಟೇ ಅವರ ಕೆಲಸ.

ತಂಗಿ ಮೊದಮೊದಲು ಅವರ ಬಾಡಿಗೆ ಮನೆಗೆ ಹೋಗಲು ಹೆದರಿದಳು. ಒಂದು ಭಾನುವಾರ ಮಧ್ಯಾಹ್ನ ಧೈರ್ಯ ಮಾಡಿ ಹೋದಳು. ಡಿಪೋ ಆಚೆ, ಮೂರು ಮನೆಗಳ ಸಾಲಿನಲ್ಲಿ ನಡುವಿನದು. ಬೈಸಿಕೊಳ್ಳಲು ಸಿದ್ಧಳಾಗಿಯೇ ಹೋಗಿದ್ದಳು. ದಾರಿಯುದ್ದಕ್ಕೂ ಅಕ್ಕನ ಬೈಗುಳವನ್ನು ತಾನೇ ಒಳಗೊಳಗೆ ಬೈದುಕೊಂಡು ಬಂದಿದ್ದಳು. ಬಾಗಿಲು ತಟ್ಟಿದಳು. ಅಕ್ಕ ತೆರೆದಳು. ಕಣ್ಣ ಕೆಳಗೆ ಕಪ್ಪಾಗಿತ್ತು, ಬಲಗೈಯ ಹೆಬ್ಬೆರಳಿಗೆ ಪಟ್ಟಿ ಸುತ್ತಿತ್ತು.

"ಬನ್ನಿ" ಎಂದಳು ಅಕ್ಕ. "ಕೂತ್ಕೊಳ್ಳಿ."

ತಮಾಷೆಗೆ ಹೇಳಿದ್ದೇನೋ ಎಂದು ತಂಗಿ ಅವಳ ಮುಖ ನೋಡಿದಳು. ತಮಾಷೆಯಾಗಿರಲಿಲ್ಲ. ಸಿಟ್ಟೂ ಕಾಣಲಿಲ್ಲ. ಅಂಗಡಿಗೆ ಮೊದಲ ಸಲ ಬಂದ ಗಿರಾಕಿಯನ್ನು ಮಾತಾಡಿಸುವ ದನಿ ಅದು, ನಯವಾದದ್ದು.

"ನೀರು ಕೊಡ್ಲಾ? ಕಚೇರಿ ಹೇಗೆ ನಡೀತಿದೆ ನಿಮ್ಮದು?"

"ಅಕ್ಕ, ಏನಿದು?"

"ಏನಿಲ್ಲ. ಕೂತ್ಕೊಳ್ಳಿ."

ಮಂಚದ ಮೇಲೆ ಕೂತಿದ್ದ ಭಾವ ಪತ್ರಿಕೆ ಮಡಚಿಟ್ಟು ಇಬ್ಬರ ನಡುವೆ ಏನಾದರೂ ಹಗುರವಾದದ್ದು ಹೇಳಲು ಬಾಯಿ ತೆರೆದರು. "ನಿಮ್ಮ ಅಕ್ಕ ಸೇರಿದ್ಮೇಲೆ ಪ್ರಯಾಣಿಕರ ಲೆಕ್ಕ ಒಂದು ಜಾಸ್ತಿ ಆಯ್ತು. ಇನ್ನು ಬರೀ ಸಾವಿರದ ಚಿಲ್ಲರೆ ಜನ ಬಂದ್ರೆ ಸಾಕು" ಎಂದರು. ಹೇಳಿದ ಮೇಲೆ ತಮ್ಮ ಮಾತು ತಮಗೇ ಬೇಡವಾದಂತೆ ಎದ್ದು ಹೊರಗೆ ಹೋದರು.

ಅಕ್ಕ ನೀರು ತಂದು, ಲೋಟದ ಕೆಳಗೆ ಇನ್ನೊಂದು ಕೈ ಹಿಡಿದು ಕೊಟ್ಟಳು. ತಂಗಿ ಕುಡಿದಳು. ಅರ್ಧ ಗಂಟೆ ಕೂತಿದ್ದಳು. ಕಾರ್ಖಾನೆಯ ಬಗ್ಗೆ ಕೇಳಿದ್ದಕ್ಕೆಲ್ಲ ಅಕ್ಕ ಉತ್ತರ ಕೊಟ್ಟಳು: ಎಷ್ಟು ಗಂಟೆಗೆ ಶುರು, ಮೇಲ್ವಿಚಾರಕ ಹೇಗೆ, ಬೆರಳಿಗೆ ಸೂಜಿ ಹೊಕ್ಕದ್ದು ಯಾವಾಗ. ಒಂದಕ್ಕೂ ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ಹೊರಡುವಾಗ ಬಾಗಿಲವರೆಗೆ ಬಂದು, "ಹುಷಾರಾಗಿ ಹೋಗಿ" ಎಂದಳು.

ಆಮೇಲೂ ಅವಳು ತಿಂಗಳಿಗೊಂದು ಸಲ ಹೋಗುತ್ತಿದ್ದಳು. ಅಕ್ಕ ಪ್ರತಿ ಸಲವೂ ಬಾಗಿಲು ತೆರೆಯುತ್ತಿದ್ದಳು, ಕೂರಿಸುತ್ತಿದ್ದಳು, ನೀರು ಕೊಡುತ್ತಿದ್ದಳು.